ಕಂಪನಿ ಕಳಿಸದೆ ತಾವೇ ಹೊರಟವರು ಹೊರದೇಶದಲ್ಲಿ ನೆಲೆ ಕಾಣುವುದು ಹೇಗೆ?

ಪ್ರಶ್ನೆ: ಮೇಡಂ, ನಾನು ಗುಬ್ಬಿ ತಾಲ್ಲೂಕಿನವನು, ವಯಸ್ಸು 32. ಡಿಪ್ಲೊಮಾ ಮುಗಿಸಿ ಆಮೇಲೆ ಬಿ.ಇ. ಮೆಕ್ಯಾನಿಕಲ್ ಮಾಡಿದೆ. ಒಂಬತ್ತು ವರ್ಷದಿಂದ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ) ವಿಭಾಗದಲ್ಲಿದ್ದೇನೆ. ನಾನೇ ಅರ್ಜಿ ಹಾಕಿ, ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಸಣ್ಣ ಊರಿನ ಕಂಪನಿಯಲ್ಲಿ ವರ್ಷಕ್ಕೆ 52,000 ಯೂರೊ ಸಂಬಳದ ಕೆಲಸ ಸಿಕ್ಕಿದೆ. ಜರ್ಮನ್ ಎ2 ಹಂತ ಮುಗಿಸಿದ್ದೇನೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಮಗಳಿಗೆ ನಾಲ್ಕು ವರ್ಷ. ಅಪ್ಪ ಅಮ್ಮ ಊರಲ್ಲಿ ಅಡಿಕೆ ತೋಟ ನೋಡಿಕೊಂಡಿದ್ದಾರೆ, ಅಮ್ಮನಿಗೆ ಶುಗರ್ ಇದೆ. ಕಂಪನಿ ಕಡೆಯಿಂದ ಹೋದ ನನ್ನ ಐಟಿ ಗೆಳೆಯರಿಗೆ ಮನೆ, ವೀಸಾ ಎಲ್ಲವನ್ನೂ ಕಂಪನಿಯೇ ನೋಡಿಕೊಂಡಿತ್ತು. ನನಗೆ ಹಾಗೆ ಯಾರೂ ಇಲ್ಲ. ಬೆಂಗಳೂರಿನ ಏಜೆಂಟ್ ಒಬ್ಬರು ಮೂರೂವರೆ ಲಕ್ಷ ಕೊಟ್ಟರೆ ಎಲ್ಲ ನೋಡಿಕೊಳ್ಳುತ್ತೇನೆ ಅನ್ನುತ್ತಿದ್ದಾರೆ. ಹೆಂಡತಿ ಮಗಳನ್ನು ಜೊತೆಗೇ ಕರೆದುಕೊಂಡು ಹೋಗಲೇ? ಅಲ್ಲಿ ಕೆಲಸಕ್ಕೆ, ಜನಕ್ಕೆ ಒಗ್ಗಿಕೊಳ್ಳುತ್ತೇನೆಯೇ? ಆಗದೆ ವಾಪಸ್ ಬಂದರೆ ಮುಂದೇನು?

ಉತ್ತರ: ಮೊದಲು ಆ ಮೂರೂವರೆ ಲಕ್ಷದ ವಿಷಯ ಮುಗಿಸೋಣ. ಕೊಡಬೇಡಿ. ಈ ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಕಷ್ಟದ್ದು ಕೆಲಸ ಹುಡುಕುವುದು, ಅದನ್ನು ನೀವೇ ಮಾಡಿ ಮುಗಿಸಿದ್ದೀರಿ. ಉಳಿದಿರುವುದು ಕಾಗದ ಜೋಡಿಸುವ ಕೆಲಸ. ಜರ್ಮನಿಯ ದೀರ್ಘಾವಧಿ ವೀಸಾಕ್ಕೆ ಶುಲ್ಕ 75 ಯೂರೊ, ಅರ್ಜಿ ಹೋಗುವುದು ಬೆಂಗಳೂರಿನಲ್ಲೇ ಇರುವ ಅವರ ಕಾನ್ಸುಲೇಟ್‌ಗೆ. ನಮ್ಮ ಕಾನೂನಿನ ಪ್ರಕಾರ ವಿದೇಶದಲ್ಲಿ ಕೆಲಸ ಕೊಡಿಸುವ ನೋಂದಾಯಿತ ಏಜೆಂಟ್ ಕೂಡ ಅಭ್ಯರ್ಥಿಯಿಂದ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಕೆಲಸವನ್ನೇ ಕೊಡಿಸದವರಿಗೆ ನೀವು ಲಕ್ಷಗಟ್ಟಲೆ ಯಾಕೆ ಕೊಡಬೇಕು? ನಿಮ್ಮದು ಎಂಜಿನಿಯರಿಂಗ್ ಪದವಿ, ಕೈಯಲ್ಲಿ ಒಪ್ಪಂದ ಪತ್ರ ಇದೆ; ನೀವು ಅರ್ಜಿ ಹಾಕಬೇಕಾದದ್ದು ಯುರೋಪಿಯನ್ ಬ್ಲೂ ಕಾರ್ಡ್‌ಗೆ, ಅಂದರೆ ಪದವಿ ಇರುವ ವಿದೇಶಿ ಕೆಲಸಗಾರರಿಗೆ ಕೊಡುವ ವಾಸದ ಪರವಾನಗಿಗೆ. ಎಂಜಿನಿಯರ್‌ಗಳ ಕೊರತೆ ಇರುವುದರಿಂದ ಅವರಿಗೆ ಇರಬೇಕಾದ ಕನಿಷ್ಠ ಸಂಬಳದ ಮಿತಿ ಕಡಿಮೆ: 2025ರಲ್ಲಿ ಅದು ವರ್ಷಕ್ಕೆ 43,759.80 ಯೂರೊ ಇತ್ತು, ಪ್ರತಿವರ್ಷ ಸ್ವಲ್ಪ ಏರುತ್ತದೆ. ನಿಮ್ಮ ಸಂಬಳ ಅದನ್ನು ದಾಟಿದೆ. ನಿಮ್ಮ ವಿಶ್ವವಿದ್ಯಾಲಯ ಮತ್ತು ಪದವಿ ಅನಾಬಿನ್ ಎಂಬ ಅವರ ಸರ್ಕಾರಿ ದತ್ತಾಂಶದಲ್ಲಿ ಇದೆಯೇ ಎಂದು ಇವತ್ತೇ ನೋಡಿ, ಆ ಪುಟ ಪ್ರಿಂಟ್ ತೆಗೆದಿಡಿ. ಪದವಿ ಅಲ್ಲಿ ಸಿಗದಿದ್ದರೆ ಮಾತ್ರ 208 ಯೂರೊ ಕಟ್ಟಿ ತತ್ಸಮಾನ ಪ್ರಮಾಣಪತ್ರ ತರಿಸಬೇಕಾಗುತ್ತದೆ. ಹೊಸ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ನೀವೇ ಒಂದು ಮೇಲ್ ಬರೆದು, ಮೊದಲ ಎರಡು ತಿಂಗಳಿಗೆ ಇಳಿದುಕೊಳ್ಳಲು ಜಾಗ ತೋರಿಸಲು ಆಗುತ್ತದೆಯೇ ಎಂದು ಕೇಳಿ. ಸಣ್ಣ ಊರಿನ ಕಂಪನಿಗಳಲ್ಲಿ ಬಾಡಿಗೆಗೆ ರೂಮು ಕೊಡುವವರ ಪರಿಚಯ ಯಾರಿಗಾದರೂ ಇದ್ದೇ ಇರುತ್ತದೆ. ಕೇಳುವುದರಲ್ಲಿ ಸಣ್ಣತನ ಏನೂ ಇಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ತುಮಕೂರಿನಲ್ಲಿ ಕೂತು ಹೀಗೆ ಹೊರಟವರ ಜೊತೆ ಮಾತಾಡುವುದೇ ನನ್ನ ಕೆಲಸ. ಚಳಿ, ಊಟ, ಭಾಷೆ ಇವುಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಇವೆಲ್ಲಕ್ಕಿಂತ ಹೆಚ್ಚು ಕಾಡುವ ಒಂದು ವಿಷಯವನ್ನು ಹೋಗುವ ಮೊದಲು ಯಾರೂ ಕೇಳುವುದಿಲ್ಲ. ಊರಿನಲ್ಲಿ ನೀವು ಇಂಥವರ ಮಗ ಎಂದು ಬಸ್ ಕಂಡಕ್ಟರ್‌ಗೂ ಗೊತ್ತು. ವಸಂತನರಸಾಪುರದಲ್ಲಿ ಮಷಿನ್ ಸದ್ದು ಕೊಂಚ ಬದಲಾದರೂ ನಿಮ್ಮನ್ನೇ ಕರೆಯುತ್ತಾರೆ. ಅಲ್ಲಿ ಇಳಿದ ದಿನ ಇದ್ಯಾವುದೂ ಇರುವುದಿಲ್ಲ. ಒಂಬತ್ತು ವರ್ಷದ ಅನುಭವ ಇರುವ ನೀವು ಕಸದ ಡಬ್ಬಿಗಳಲ್ಲಿ ಯಾವುದಕ್ಕೆ ಯಾವ ಕಸ ಹಾಕಬೇಕು ಎಂದು ಪಕ್ಕದ ಮನೆಯ ಅಜ್ಜಿಯ ಹತ್ತಿರ ಹೇಳಿಸಿಕೊಳ್ಳಬೇಕು. ಕಂಪನಿ ಕಳಿಸಿದವರಿಗೆ ಈ ಪೆಟ್ಟು ಅಷ್ಟು ಬೀಳುವುದಿಲ್ಲ, ಯಾಕೆಂದರೆ ಅವರ ಜೊತೆಗೆ ಅವರ ಹುದ್ದೆ, ಮೇಲಧಿಕಾರಿ, ಸಹೋದ್ಯೋಗಿಗಳ ಗುಂಪು ಎಲ್ಲ ಹೋಗಿರುತ್ತದೆ. ತಾನೇ ಹೊರಟವನು ಒಬ್ಬನೇ ಹೋಗುತ್ತಾನೆ.

ಆದರೆ ಇದರಲ್ಲೇ ನಿಮಗೆ ಒಂದು ಲಾಭವೂ ಇದೆ. ಜಪಾನಿನಲ್ಲಿರುವ ವಿದೇಶಿ ನೌಕರರನ್ನು ಅಧ್ಯಯನ ಮಾಡಿ ಪೆಲ್ಟೊಕೊರ್ಪಿ ಮತ್ತು ಫ್ರೋಸೆ ಎಂಬ ಸಂಶೋಧಕರು 2009ರಲ್ಲಿ ಒಂದು ವಿಷಯ ಹೇಳಿದರು: ಕಂಪನಿ ಕಳಿಸಿದವರಿಗಿಂತ ತಾವೇ ಬಂದವರು ಅಲ್ಲಿನ ಜನರೊಡನೆ ಬೆರೆಯುವುದರಲ್ಲಿ, ದಿನನಿತ್ಯದ ಬದುಕಿಗೆ ಹೊಂದಿಕೊಳ್ಳುವುದರಲ್ಲಿ ಮುಂದಿದ್ದರು. ನಾನು ನೋಡಿದ್ದೂ ಹಾಗೆಯೇ. ಕಂಪನಿ ಮನೆ ಕೊಟ್ಟರೆ ಮನೆ ಮಾಲೀಕರ ಜೊತೆ ಮಾತಾಡುವ ಕೆಲಸವೇ ಇಲ್ಲ. ನೀವು ಮಾತಾಡಲೇಬೇಕು, ಆ ಮಾತಿನಿಂದಲೇ ಊರು ಪರಿಚಯ ಆಗುತ್ತದೆ. ಆದ್ದರಿಂದ ಗೆಳೆಯರ ಅನುಕೂಲ ನೋಡಿ ಹೊಟ್ಟೆ ಉರಿಸಿಕೊಳ್ಳಬೇಡಿ. ಅವರ ದಾರಿಯೇ ಬೇರೆ.

ಒಗ್ಗಿಕೊಳ್ಳುವುದು ಎಂದರೆ ಒಂದೇ ಕೆಲಸ ಅಲ್ಲ. ಸ್ಟೀವರ್ಟ್ ಬ್ಲಾಕ್ ಎಂಬ ಅಮೆರಿಕದ ವಿದ್ವಾಂಸ 1988ರಲ್ಲಿ ಇದನ್ನು ಮೂರಾಗಿ ವಿಂಗಡಿಸಿದರು: ಕೆಲಸಕ್ಕೆ ಒಗ್ಗುವುದು, ಅಲ್ಲಿನ ಜನರ ಒಡನಾಟಕ್ಕೆ ಒಗ್ಗುವುದು, ಊಟ ವಸತಿ ಹವೆಗೆ ಒಗ್ಗುವುದು. ಮೂರೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಮಷಿನ್ ಮುಂದೆ ನೀವು ಒಂದು ತಿಂಗಳಲ್ಲಿ ಚೆನ್ನಾಗಿ ಹೊಂದಿಕೊಳ್ಳಬಹುದು, ಊಟದ ಟೇಬಲ್ಲಿನಲ್ಲಿ ಒಂದು ವರ್ಷವಾದರೂ ಮಾತು ಹೊರಡದೇ ಇರಬಹುದು. ಆಗ ಒಂದರ ಬೇಸರವನ್ನು ಇನ್ನೊಂದರ ಮೇಲೆ ಹಾಕಿ, "ನನಗೆ ಈ ದೇಶವೇ ಆಗಿಬರಲ್ಲ" ಎಂದು ತೀರ್ಮಾನ ಮಾಡಬೇಡಿ. ಯಾವುದು ಹಿಂದೆ ಬಿದ್ದಿದೆ ಎಂದು ನೋಡಿ, ಅದಕ್ಕೆ ಮಾತ್ರ ದಾರಿ ಹುಡುಕಿ.

ಕೆಲಸದ ಜಾಗದ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಹತ್ತಿರ ಸಲಹೆಗೆ ಬಂದಿದ್ದ ಕೋಲಾರ ಕಡೆಯ ಹುಡುಗನೊಬ್ಬ ಅದೇ ಸೀಮೆಯ ಒಂದು ಗೇರ್ ಕಾರ್ಖಾನೆಗೆ ಸೇರಿದ. ಕೈಚಳಕದಲ್ಲಿ ಗಟ್ಟಿಗ. ಸೇರಿದ ಹೊಸತರಲ್ಲಿ, ಅಲ್ಲೇ ಹಣ್ಣಾಗಿದ್ದ ಹಿರಿಯ ಆಪರೇಟರ್ ಒಬ್ಬರು ಡ್ರಾಯಿಂಗ್ ಹಾಳೆಯ ಮೂಲೆ ತೋರಿಸಿ ಏನೋ ಹೇಳಿದರು. ಇವನು ಕಲಿತದ್ದು ಪುಸ್ತಕದ ಜರ್ಮನ್. ಅವರು ಆಡಿದ್ದು ಆ ಸೀಮೆಯ ಶ್ವೇಬಿಷ್. ಅರ್ಥವಾಗಲಿಲ್ಲ. ಹಿರಿಯರನ್ನು ಮತ್ತೆ ಮತ್ತೆ ಕೇಳುವುದು ಹೇಗೆ ಎಂದು ತಲೆ ಆಡಿಸಿದ. ಅವರು ಹೇಳಿದ್ದು ಡ್ರಾಯಿಂಗಿನ ಹೊಸ ಆವೃತ್ತಿ ಬಂದಿದೆ, ಬೋರ್ ವ್ಯಾಸದ ಟಾಲರೆನ್ಸ್, ಅಂದರೆ ರಂಧ್ರದ ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆಯ ಮಿತಿ, ಬದಲಾಗಿದೆ ಎಂದು. ಆ ಪಾಳಿಯ ಬ್ಯಾಚ್ ಪೂರ್ತಿ ರಿಜೆಕ್ಟ್ ಆಯಿತು. ಅವನಿಗೆ ಆಶ್ಚರ್ಯವಾದದ್ದು ಆಮೇಲೆ ನಡೆದ ಮಾತಿನಲ್ಲಿ. ಬ್ಯಾಚ್ ಹೋದದ್ದಕ್ಕೆ ಯಾರೂ ಕೂಗಾಡಲಿಲ್ಲ. ಅರ್ಥವಾಗದಿದ್ದರೂ ತಲೆ ಆಡಿಸಿದ್ದೇಕೆ ಎಂಬ ಒಂದೇ ಪ್ರಶ್ನೆಯನ್ನು ಮೇಲ್ವಿಚಾರಕರು ನಾಲ್ಕು ಸಲ ಕೇಳಿದರು. ಮಾರನೆಯ ದಿನದಿಂದ ಅವನು ಜೇಬಿನಲ್ಲಿ ಪುಟ್ಟ ನೋಟ್‌ಬುಕ್ ಇಟ್ಟುಕೊಂಡ. ಯಾರು ಏನು ಹೇಳಿದರೂ ಅದನ್ನು ತನ್ನ ಮಾತಿನಲ್ಲಿ, ಚಿತ್ರದಲ್ಲಿ ಬರೆದು ಅವರಿಗೇ ತೋರಿಸಿ, ಸರಿ ಇದೆಯೇ ಎಂದು ಕೇಳಿದ ಮೇಲೆಯೇ ಮಷಿನ್ ಮುಟ್ಟುತ್ತಿದ್ದ. ಕೆಲವು ತಿಂಗಳಲ್ಲಿ ಆ ಹಿರಿಯರೇ ಅವನನ್ನು ಹುಡುಕಿಕೊಂಡು ಬಂದು ಹೇಳಿಕೊಡುವ ಹಾಗಾಯಿತು.

ನಮ್ಮ ಕಾರ್ಖಾನೆಗಳಲ್ಲಿ ದೊಡ್ಡವರ ಮುಂದೆ ಸುಮ್ಮನಿರುವುದು ಮರ್ಯಾದೆ. ಸಾಹೇಬರು ಸಹಿ ಹಾಕಿದ ಡ್ರಾಯಿಂಗಿನಲ್ಲಿ ತಪ್ಪು ಕಂಡರೆ ಸಭೆಯಲ್ಲಿ ಬಾಯಿ ಬಿಡುವುದಿಲ್ಲ, ಆಮೇಲೆ ಟೀ ಕುಡಿಯುವಾಗ ಮೆಲ್ಲಗೆ ಹೇಳುತ್ತೇವೆ. ಅಲ್ಲಿ ಸಭೆಯಲ್ಲಿ ಹೇಳದೆ ಆಮೇಲೆ ಹೇಳಿದರೆ, ಗೊತ್ತಿದ್ದೂ ಮುಚ್ಚಿಟ್ಟ ಎನ್ನುತ್ತಾರೆ. ಅವರು ನಿಮ್ಮ ಕೆಲಸದ ತಪ್ಪನ್ನು ಎಲ್ಲರ ಮುಂದೆ ನೇರವಾಗಿ ಹೇಳಿದಾಗ ನಿಮಗೆ ಎದೆಗೆ ಚುಚ್ಚಿದ ಹಾಗಾಗುತ್ತದೆ. ಅವರ ಮಟ್ಟಿಗೆ ಅದು ಕೆಲಸದ ಮಾತು, ಮಧ್ಯಾಹ್ನ ಅದೇ ಮನುಷ್ಯ ನಿಮ್ಮ ಪಕ್ಕದಲ್ಲೇ ಕೂತು ಊಟ ಮಾಡುತ್ತಾನೆ. ಹೊತ್ತು ಮೀರಿ ಕೂರುವುದನ್ನೂ ಶ್ರದ್ಧೆ ಎಂದು ತಿಳಿಯುವುದಿಲ್ಲ. ದಿನಕ್ಕೆ ಎಂಟು ಗಂಟೆ ಎಂಬುದು ಅಲ್ಲಿನ ಕಾನೂನಿನ ಅಳತೆ, ಅದನ್ನು ಮೀರಲು ಷರತ್ತುಗಳಿವೆ. ದಿನವೂ ತಡವಾಗಿ ಹೊರಡುವವನ ಕೆಲಸದ ಹಂಚಿಕೆಯಲ್ಲೇ ಏನೋ ತಪ್ಪಿದೆ ಎಂದುಕೊಳ್ಳುತ್ತಾರೆ. ಜ್ವರ ಬಂದರೆ ಕೆಲಸಕ್ಕೆ ಹೋಗಬೇಡಿ. ಪಾಳಿ ಶುರುವಾಗುವ ಮೊದಲೇ ಫೋನ್ ಮಾಡಿ ತಿಳಿಸಿ, ಮೂರು ದಿನಕ್ಕಿಂತ ಹೆಚ್ಚಾದರೆ ಡಾಕ್ಟರ ಸರ್ಟಿಫಿಕೇಟ್ ಬೇಕು, ಕೆಲವು ಕಂಪನಿಗಳು ಮೊದಲ ದಿನದಿಂದಲೇ ಕೇಳುತ್ತವೆ. ಒಪ್ಪಂದ ಪತ್ರದಲ್ಲಿ ಅದನ್ನು ನೋಡಿಕೊಳ್ಳಿ.

ಒಪ್ಪಂದ ಪತ್ರ ಎಂದಾಗ ಒಂದು ಮಾತು ಒತ್ತಿ ಹೇಳಬೇಕು. ಮೊದಲ ಆರು ತಿಂಗಳು ಸಾಮಾನ್ಯವಾಗಿ ಪ್ರೊಬೇಷನ್. ಆ ಅವಧಿಯಲ್ಲಿ ಎರಡು ವಾರದ ನೋಟಿಸ್ ಕೊಟ್ಟು ಅವರು ನಿಮ್ಮನ್ನು ಬಿಡಬಹುದು, ನೀವೂ ಅವರನ್ನು ಬಿಡಬಹುದು. ಆದ್ದರಿಂದ ಈ ಆರು ತಿಂಗಳು ಮುಗಿಯುವ ತನಕ ಹಿಂದಕ್ಕೆ ತೆಗೆದುಕೊಳ್ಳಲಾಗದ ಯಾವ ನಿರ್ಧಾರವನ್ನೂ ಮಾಡಬೇಡಿ. ಊರಿನಲ್ಲಿ ಮನೆ ಕಟ್ಟಲು ಸಾಲ ಎತ್ತಬೇಡಿ. ಭಾವಮೈದುನನ ವ್ಯಾಪಾರಕ್ಕೆ ಮಾತು ಕೊಡಬೇಡಿ. ಅಲ್ಲಿ ಕಾರು, ಸಾಮಾನು ಕಂತಿನ ಮೇಲೆ ತರಬೇಡಿ. ನಾನು ನೋಡಿದ ಮಟ್ಟಿಗೆ, ಅಲ್ಲಿ ಒಗ್ಗಲಾರದೆ ನರಳಿದವರಲ್ಲಿ ಹೆಚ್ಚಿನವರು ಹೊಸ ದೇಶದ ಭಾರಕ್ಕೆ ಕುಸಿದವರಲ್ಲ. ಊರಿಗೆ ಕೊಟ್ಟ ಮಾತಿನ ಭಾರಕ್ಕೆ ಕುಸಿದವರು. ಕೆಲಸ ಹೊಂದದಿದ್ದರೂ ಕಂತು ಕಟ್ಟಬೇಕು ಎಂದು ಹಲ್ಲು ಕಚ್ಚಿ ಕೂರುತ್ತಾರೆ, ಅಲ್ಲಿಂದ ನಿದ್ದೆ ಹೋಗುತ್ತದೆ.

ಇದಕ್ಕೆ ಮದ್ದು ಒಂದೇ: ದುಡ್ಡಿನ ಲೆಕ್ಕವನ್ನು ಹೊರಡುವ ಮೊದಲೇ ಮನೆಯಲ್ಲಿ ಬಿಚ್ಚಿ ಹೇಳುವುದು. 52,000 ಯೂರೊ ಎಂದರೆ ಊರಿನ ಅರಳಿಕಟ್ಟೆಯ ಮೇಲೆ ಅದು ಆಗಲೇ ಐವತ್ತು ಲಕ್ಷ ಆಗಿರುತ್ತದೆ. ತೆರಿಗೆ, ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ ಎಲ್ಲ ಹಿಡಿದ ಮೇಲೆ ಒಬ್ಬರೇ ಇರುವಾಗ ನಿಮ್ಮ ಕೈಗೆ ತಿಂಗಳಿಗೆ ಬರುವುದು ಸುಮಾರು 2,800 ಯೂರೊ. ಸ್ಟುಟ್‌ಗಾರ್ಟ್ ಸುತ್ತಮುತ್ತ ಮೂರು ಜನಕ್ಕಾಗುವ ಮನೆಗೆ ಬಿಸಿನೀರು, ಹೀಟರ್ ಖರ್ಚು ಸೇರಿ ಸಾವಿರ ಯೂರೊಗೆ ಕಡಿಮೆ ಸಿಕ್ಕರೆ ಅದೃಷ್ಟ. ಮನೆ ಹಿಡಿಯುವಾಗ ಮೂರು ತಿಂಗಳ ಮೂಲ ಬಾಡಿಗೆಯಷ್ಟು ಮುಂಗಡ ಕೇಳಬಹುದು, ಅದಕ್ಕಿಂತ ಹೆಚ್ಚು ಕೇಳಲು ಕಾನೂನು ಬಿಡುವುದಿಲ್ಲ. ಖಾಲಿ ಮನೆ ಎಂದರೆ ಎಷ್ಟೋ ಕಡೆ ಅಡುಗೆ ಕಟ್ಟೆ, ಸಿಂಕ್ ಕೂಡ ಇರುವುದಿಲ್ಲ, ನೀವೇ ಹಾಕಿಸಬೇಕು. ಟಿವಿ ಇಲ್ಲದಿದ್ದರೂ ಪ್ರತಿ ಮನೆಗೆ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಇದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅಪ್ಪನ ಕೈಗೆ ಕೊಡಿ. ಮೊದಲ ವರ್ಷ ತಿಂಗಳಿಗೆ ಇಷ್ಟು ಕಳಿಸುತ್ತೇನೆ, ಇದಕ್ಕಿಂತ ಹೆಚ್ಚಿಲ್ಲ ಎಂದು ಆಗಲೇ ಹೇಳಿ. ತೋಟ ನಡೆಸುವ ರೈತ ಅವರು, ಖರ್ಚು ಕಳೆದು ಉಳಿದದ್ದೇ ಆದಾಯ ಎಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಅಡಿಕೆ ತೋಟದ ಸೀಮೆಯವರಾದ್ದರಿಂದ ಇನ್ನೊಂದು ವಿಷಯ. ಪಕ್ಕದ ತೋಟ ಮಾರಾಟಕ್ಕೆ ಬಂದಿದೆ, ದುಡ್ಡು ಕಳಿಸು ಎಂಬ ಫೋನ್ ಒಂದಲ್ಲ ಒಂದು ದಿನ ಬರುತ್ತದೆ. ನೀವು ಅನಿವಾಸಿ ಆದ ಮೇಲೆ ವಿದೇಶಿ ವಿನಿಮಯ ಕಾಯ್ದೆಯ ಪ್ರಕಾರ ನಿಮ್ಮ ಹೆಸರಿಗೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಈಗಾಗಲೇ ನಿಮ್ಮ ಹೆಸರಿನಲ್ಲಿರುವುದು ನಿಮ್ಮದೇ, ಪಿತ್ರಾರ್ಜಿತವಾಗಿ ಬರುವುದಕ್ಕೂ ಅಡ್ಡಿ ಇಲ್ಲ. ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ, ನೀವು ಇಲ್ಲಿರುವಾಗಲೇ ಪೌತಿ ಖಾತೆ ಮಾಡಿಸಿ ಮುಗಿಸಿ. ಬ್ಯಾಂಕಿನ ಉಳಿತಾಯ ಖಾತೆಯನ್ನು ಅನಿವಾಸಿಗಳ ಇಲ್ಲಿನ ಆದಾಯಕ್ಕಿರುವ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಬೇಕು, ಅಲ್ಲಿಂದ ಕಳಿಸುವ ದುಡ್ಡಿಗೆ ಎನ್‌ಆರ್‌ಇ ಖಾತೆ ತೆರೆಯಬೇಕು. ಪಿಪಿಎಫ್ ಇದ್ದರೆ ಅವಧಿ ಮುಗಿಯುವ ತನಕ ನಡೆಸಬಹುದು. ಬ್ಯಾಂಕ್, ಕಂದಾಯ ಕಚೇರಿ ಕೆಲಸಕ್ಕೆ ಇಲ್ಲಿ ಯಾರಾದರೂ ಓಡಾಡಬೇಕಾದರೆ, ಯಾವ ಯಾವ ಕೆಲಸಕ್ಕೆ ಎಂದು ಬಿಡಿಸಿ ಬರೆದ ಅಧಿಕಾರ ಪತ್ರ ಕೊಡಿ. ಎಲ್ಲ ಆಸ್ತಿಗೂ ಅನ್ವಯಿಸುವ ಸಾಮಾನ್ಯ ಅಧಿಕಾರ ಪತ್ರವನ್ನು ಹೊರಡುವ ಅವಸರದಲ್ಲಿ ಬರೆದುಕೊಡಬೇಡಿ, ಅಣ್ಣ ತಮ್ಮಂದಿರೇ ಆಗಿರಲಿ.

ಭವಿಷ್ಯನಿಧಿಯ ವಿಷಯದಲ್ಲಿ ನಿಮ್ಮಂಥವರು ಅವಸರ ಮಾಡುತ್ತಾರೆ. ಒಂಬತ್ತು ವರ್ಷದ ಸೇವೆ ನಿಮ್ಮದು, ಇಪಿಎಸ್ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಪಿಂಚಣಿಯ ಹಕ್ಕು ಬರುವುದು ಹತ್ತು ವರ್ಷಕ್ಕೆ. ಪಿಂಚಣಿ ಭಾಗವನ್ನು ಕೈಗೆ ತೆಗೆದುಕೊಂಡುಬಿಟ್ಟರೆ ಆ ಒಂಬತ್ತು ವರ್ಷ ಅಳಿಸಿಹೋದ ಹಾಗೆ. ಅದರ ಬದಲು ಫಾರ್ಮ್ 10ಸಿ ಕೊಟ್ಟು, ಆ ಸೇವೆಯನ್ನು ಲೆಕ್ಕದಲ್ಲಿ ಉಳಿಸುವ ಸ್ಕೀಮ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಭಾರತ ಮತ್ತು ಜರ್ಮನಿಯ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಪಿಂಚಣಿಗೆ ಅರ್ಹತೆ ನೋಡುವಾಗ ಎರಡೂ ದೇಶದ ಸೇವೆಯನ್ನು ಕೂಡಿಸಿ ಲೆಕ್ಕ ಹಾಕಲು ಅದರಲ್ಲಿ ಅವಕಾಶ ಇದೆ. ನಿಮ್ಮ ಗೆಳೆಯರಿಗೂ ನಿಮಗೂ ಇರುವ ವ್ಯತ್ಯಾಸ ಇಲ್ಲೂ ಕಾಣುತ್ತದೆ: ಕಂಪನಿ ಕಳಿಸಿದವರು ಇಲ್ಲಿನ ಪಿಎಫ್‌ನಲ್ಲೇ ಇದ್ದು ಅಲ್ಲಿನ ವಂತಿಗೆಯಿಂದ ಕೆಲವು ವರ್ಷ ವಿನಾಯಿತಿ ಪಡೆಯಬಹುದು. ನೀವು ಅಲ್ಲಿನ ಕಂಪನಿಯ ನೌಕರ, ಸಂಬಳದ 9.3 ಶೇಕಡಾ ಅಲ್ಲಿನ ಪಿಂಚಣಿಗೆ ಹೋಗುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ.

ಕುಟುಂಬವನ್ನು ಜೊತೆಗೇ ಕರೆದೊಯ್ಯಲೇ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನೀವು ಮೊದಲು ಹೋಗಿ, ಪ್ರೊಬೇಷನ್ ಮುಗಿಸಿ, ಮನೆ ಹಿಡಿದ ಮೇಲೆ ಅವರು ಬರಲಿ. ಆದರೆ ಅದನ್ನು ಒಂದು ವರ್ಷಕ್ಕಿಂತ ಮುಂದಕ್ಕೆ ಎಳೆಯಬೇಡಿ. "ಇನ್ನೊಂದು ಸ್ವಲ್ಪ ಉಳಿಸಿ ಕರೆಸಿಕೊಳ್ಳುತ್ತೇನೆ" ಎಂದು ಎರಡು ಮೂರು ವರ್ಷ ತಳ್ಳಿದ ಮನೆಗಳನ್ನು ನೋಡಿದ್ದೇನೆ. ಅಷ್ಟರಲ್ಲಿ ಮಗು ಅಪ್ಪನನ್ನು ಫೋನಿನ ಪರದೆಯ ಒಳಗಿನ ಮನುಷ್ಯ ಎಂದೇ ತಿಳಿದಿರುತ್ತದೆ. ಬ್ಲೂ ಕಾರ್ಡ್ ಇರುವವರ ಹೆಂಡತಿಗೆ ವೀಸಾಕ್ಕಾಗಿ ಜರ್ಮನ್ ಪರೀಕ್ಷೆ ಪಾಸಾಗಬೇಕೆಂಬ ಷರತ್ತಿಲ್ಲ, ಬಂದ ಮೇಲೆ ಕೆಲಸಕ್ಕೂ ಅನುಮತಿ ಇದೆ. ಷರತ್ತಿಲ್ಲ ಎಂದು ಕಲಿಯದೇ ಇರಬಾರದು. ನೀವು ಹೊರಟ ದಿನದಿಂದಲೇ ಅವರೂ ತರಗತಿಗೆ ಸೇರಲಿ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದ ಆನ್‌ಲೈನ್ ಪಾಠಗಳಿವೆ, ತುಮಕೂರಿನಿಂದ ದಿನಾ ರೈಲು ಹತ್ತಬೇಕಿಲ್ಲ.

ಹೆಂಡತಿಯ ಹತ್ತಿರ ಕೂತು ನೇರವಾಗಿ ಆಡಬೇಕಾದ ಮಾತು ಒಂದಿದೆ. ಅವರು ಇಲ್ಲಿ ಟೀಚರ್. ಶಾಲೆಗೆ ಹೋದರೆ ಮಕ್ಕಳು, ಪೋಷಕರು ಕೈ ಮುಗಿಯುತ್ತಾರೆ, ಕೈಯಲ್ಲಿ ತಮ್ಮದೇ ಸಂಬಳ ಇದೆ. ಜರ್ಮನಿಯ ಶಾಲೆಯಲ್ಲಿ ಪಾಠ ಮಾಡಲು ಅಲ್ಲಿನ ರಾಜ್ಯ ಸರ್ಕಾರ ಅವರ ಅರ್ಹತೆಯನ್ನು ಒಪ್ಪಬೇಕು, ಭಾಷೆ ಬಹಳ ಮೇಲಿನ ಹಂತದ್ದು ಬೇಕು. ಅದು ಒಂದೆರಡು ವರ್ಷದಲ್ಲಿ ಆಗುವ ಮಾತಲ್ಲ. ನೀವು ಕೆಲಸದ ಜಾಗದಲ್ಲಿ ಹತ್ತು ಜನರನ್ನು ನೋಡುತ್ತೀರಿ. ಅವರು ನಾಲ್ಕು ಗೋಡೆ ನೋಡುತ್ತಾರೆ. ಇದನ್ನು ಮುಚ್ಚಿಟ್ಟು ಕರೆದೊಯ್ದರೆ ಅಲ್ಲಿ ಹೋದ ಮೇಲೆ ಜಗಳವಾಗುವುದು ಚಳಿಗಾಗಿಯಲ್ಲ, ಈ ಕಾರಣಕ್ಕೆ. ಶಿಶುವಿಹಾರಗಳಲ್ಲಿ ಸಹಾಯಕರಾಗಿ ಸೇರಿ ಅಲ್ಲಿಂದ ತರಬೇತಿ ಪಡೆಯುವ ದಾರಿ ಇದೆ, ಮಕ್ಕಳ ಜೊತೆ ಇದ್ದವರಿಗೆ ಅದು ಹೊಂದುತ್ತದೆ. ಆ ದಾರಿ ಅವರಿಗೆ ಬೇಕೋ ಬೇಡವೋ ಎಂಬುದನ್ನು ಅವರೇ ಹೇಳಲಿ. ಅವರು ಇಲ್ಲೇ ಇರುತ್ತೇನೆ ಎಂದರೆ, ಈ ಇಡೀ ಯೋಜನೆಯನ್ನೇ ಮತ್ತೊಮ್ಮೆ ಇಬ್ಬರೂ ಕೂತು ನೋಡಬೇಕು.

ಮಗಳ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ನಾಲ್ಕೈದು ವರ್ಷದ ಮಕ್ಕಳು ಶಿಶುವಿಹಾರದಲ್ಲಿ ಭಾಷೆಯನ್ನು ಬೇಗ ಹಿಡಿಯುತ್ತವೆ. ಶಾಲೆ ಶುರುವಾಗುವುದು ಆರು ವರ್ಷಕ್ಕೆ. ಶಿಶುವಿಹಾರದಲ್ಲಿ ಜಾಗ ಸಿಗುವುದು ನಿಧಾನ, ಆದ್ದರಿಂದ ಮನೆ ವಿಳಾಸ ಸಿಕ್ಕ ವಾರವೇ ಅರ್ಜಿ ಹಾಕಿ. ಹೆಂಡತಿ ಮಗಳಿಬ್ಬರೂ ನಿಮ್ಮ ಸರ್ಕಾರಿ ಆರೋಗ್ಯ ವಿಮೆಯಲ್ಲೇ ಬೇರೆ ಕಂತಿಲ್ಲದೆ ಸೇರುತ್ತಾರೆ, ಮಗುವಿನ ಹೆಸರಿಗೆ ಸರ್ಕಾರದ ಮಾಸಿಕ ಭತ್ಯೆಯೂ ಇದೆ, 2025ರಲ್ಲಿ ಅದು 255 ಯೂರೊ. ಮನೆಯೊಳಗೆ ಮಾತ್ರ ಕನ್ನಡ ಬಿಡಬೇಡಿ. ನಿಮ್ಮ ಅರೆಬರೆ ಜರ್ಮನ್ ಅವಳಿಗೆ ಬೇಡ, ಅಜ್ಜಿಯ ಹತ್ತಿರ ಮಾತಾಡುವಷ್ಟು ಕನ್ನಡ ಬೇಕೇ ಬೇಕು.

ಇನ್ನು ಜನರ ಒಡನಾಟ. ಹೋದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರುವ ಪತ್ರ ಬೇಕು. ಆ ನೋಂದಣಿ ಇಲ್ಲದೆ ತೆರಿಗೆ ಸಂಖ್ಯೆ ಬರುವುದಿಲ್ಲ, ತೆರಿಗೆ ಸಂಖ್ಯೆ ಇಲ್ಲದಿದ್ದರೆ ಸಂಬಳದಲ್ಲಿ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಹಿಡಿಯುತ್ತಾರೆ. ಫಾರ್ಮ್‌ನಲ್ಲಿ ಧರ್ಮ ಕೇಳುತ್ತಾರೆ. ಅದು ಚರ್ಚ್ ತೆರಿಗೆಗಾಗಿ, ನೀವು ಆ ಚರ್ಚುಗಳ ಸದಸ್ಯರಲ್ಲದಿದ್ದರೆ ಹಾಗೆಂದೇ ಬರೆಯಿರಿ. ಇದು ಕಾಗದದ ಪ್ರವೇಶ ಅಷ್ಟೆ. ನಿಜವಾದ ಪ್ರವೇಶ ನೀವಿರುವ ಕಟ್ಟಡದ ಮೆಟ್ಟಿಲ ಮೇಲೆ ಆಗುತ್ತದೆ. ಆ ಸೀಮೆಯಲ್ಲಿ ಕೇರ್‌ವೋಖೆ ಎಂಬ ಪದ್ಧತಿ ಇದೆ. ಒಂದು ವಾರ ನಿಮ್ಮ ಮನೆ ಬಾಗಿಲಿಗೆ ಪುಟ್ಟ ಫಲಕ ನೇತುಹಾಕಿರುತ್ತಾರೆ. ಆ ವಾರ ಮೆಟ್ಟಿಲು, ಮುಂದಿನ ಕಾಲುದಾರಿ ಗುಡಿಸಿ ಒರೆಸುವ ಸರದಿ ನಿಮ್ಮದು. ವಾರ ಮುಗಿದ ಮೇಲೆ ಫಲಕವನ್ನು ಪಕ್ಕದ ಮನೆಯ ಬಾಗಿಲಿಗೆ ಹಾಕಬೇಕು. ಎಷ್ಟೋ ಜನ ನಮ್ಮವರು ಎಂಜಿನಿಯರ್ ಆಗಿ ಮೆಟ್ಟಿಲು ಒರೆಸುವುದೇ ಎಂದು ತಪ್ಪಿಸಿಕೊಳ್ಳುತ್ತಾರೆ, ಆಮೇಲೆ ಅಕ್ಕಪಕ್ಕದವರು ಮಾತಾಡಿಸುವುದಿಲ್ಲ ಎಂದು ಕೊರಗುತ್ತಾರೆ. ನೀವು ಬಕೆಟ್ ಹಿಡಿದು ಮೊದಲ ಮೆಟ್ಟಿಲಿನಿಂದ ಕೊನೆಯ ಮೆಟ್ಟಿಲವರೆಗೆ ಒರೆಸಿ. ಮೂಲೆಯ ಧೂಳನ್ನೂ ಬಿಡಬೇಡಿ, ಅವರು ನೋಡುವುದು ಮೂಲೆಯನ್ನೇ. ಆ ಶನಿವಾರ ಯಾರಾದರೊಬ್ಬರು ನಿಂತು ಎರಡು ಮಾತಾಡದೇ ಇರುವುದಿಲ್ಲ.

ಎರಡನೆಯ ಬಾಗಿಲು ಸಂಘಗಳು. ಜರ್ಮನಿಯ ಸಣ್ಣ ಊರಿನಲ್ಲಿ ಸ್ನೇಹ ಹುಟ್ಟುವುದು ಬೀದಿಯಲ್ಲಲ್ಲ, ಮನೆಗೆ ಕರೆದು ಟೀ ಕೊಡುವ ರೂಢಿಯೂ ಕಡಿಮೆ. ಆಟಕ್ಕೆ, ಹಾಡಿಗೆ, ತೋಟಗಾರಿಕೆಗೆ, ಸ್ವಯಂಸೇವಕರ ಅಗ್ನಿಶಾಮಕ ದಳಕ್ಕೆ ಒಂದೊಂದು ಸಂಘ ಇರುತ್ತದೆ, ಜನ ಅಲ್ಲಿ ಸೇರುತ್ತಾರೆ. ನಮ್ಮ ಗುಬ್ಬಿ, ತಿಪಟೂರು, ಶಿರಾ ಕಡೆಯ ಹುಡುಗರಿಗೆ ವಾಲಿಬಾಲ್ ಹೇಳಿಕೊಡಬೇಕಿಲ್ಲ, ಹಳ್ಳಿ ಹಳ್ಳಿಯಲ್ಲೂ ರಾತ್ರಿ ಲೈಟ್ ಹಾಕಿ ಆಡಿದವರು. ಆ ಊರಿನ ಕ್ರೀಡಾ ಸಂಘದಲ್ಲಿ ವಾಲಿಬಾಲ್ ತಂಡ ಇದ್ದರೆ ಸೇರಿ. ಚೆಂಡು ಎತ್ತಿ ಕೊಡಲು ಭಾಷೆ ಬೇಕಿಲ್ಲ, ಆಟ ಮುಗಿದ ಮೇಲೆ ಭಾಷೆ ತಾನಾಗಿ ಬರುತ್ತದೆ. ದೊಡ್ಡ ನಗರಗಳಲ್ಲಿ ಕನ್ನಡ ಸಂಘಗಳಿವೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಹೋಗಿ, ಹೊಟ್ಟೆ ತುಂಬ ಕನ್ನಡ ಮಾತಾಡಿ ಬನ್ನಿ. ಪ್ರತಿ ವಾರಾಂತ್ಯ ನಮ್ಮವರ ಮನೆಗೇ ಓಡಿದರೆ ಮಾತ್ರ ಇದ್ದ ಊರಿನಲ್ಲಿ ಬೇರು ಇಳಿಯುವುದಿಲ್ಲ.

ಇಲ್ಲಿ ಹರ್ಮನ್ ಮೋಗ್ಲಿಂಗ್ ನೆನಪಾಗುತ್ತಾರೆ. ನೀವು ಹೋಗುತ್ತಿರುವ ವುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಪಟ್ಟಣದಲ್ಲಿ 1811ರಲ್ಲಿ ಹುಟ್ಟಿದವರು. 1836ರಲ್ಲಿ ಮಂಗಳೂರಿಗೆ ಬಂದು, ಕನ್ನಡ ಕಲಿತು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದರು. ಅವರ ಹಿಂದೆ ಒಂದು ಕ್ರೈಸ್ತ ಮಿಷನ್ ಇತ್ತು, ನಿಮ್ಮ ಹಿಂದೆ ಇಲ್ಲ, ಅದು ನಿಜ. ಆದರೆ ಆ ಸೀಮೆಯ ಒಬ್ಬರು ನಮ್ಮ ಜನರ ಗಾದೆಗಳನ್ನು ಕೂಡ ಸಂಗ್ರಹಿಸುವಷ್ಟು ನಮ್ಮ ಮಾತಿಗೆ ಕಿವಿ ಕೊಟ್ಟರು. ನೀವು ಅವರ ಜನರ ಮಾತಿಗೆ ಕಿವಿ ಕೊಡುವುದು ಆಗದ ಕೆಲಸವೇನಲ್ಲ. ಎ2 ಸಾಲದು. ಸಂಜೆ ಹೊತ್ತಿನ ವಯಸ್ಕರ ಶಾಲೆಗೆ ಸೇರಿ ಅದರ ಮುಂದಿನ ಹಂತವಾದ ಬಿ1 ಮುಗಿಸಿ. ಬಿ1 ಇದ್ದರೆ ಬ್ಲೂ ಕಾರ್ಡ್‌ನವರಿಗೆ 21 ತಿಂಗಳಿಗೇ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಎ1 ಮಾತ್ರ ಇದ್ದರೆ 27 ತಿಂಗಳು ಕಾಯಬೇಕು.

ಮನಸ್ಸಿನ ಬಗ್ಗೆ. ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು ಮಾತಾಡಿಸಿ ಲಿಸ್ಗಾರ್ಡ್ ಎಂಬ ಸಮಾಜಶಾಸ್ತ್ರಜ್ಞ 1955ರಲ್ಲಿ ಬರೆದ ಪ್ರಕಾರ, ಆರು ತಿಂಗಳಿಗಿಂತ ಕಡಿಮೆ ಇದ್ದವರೂ ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಚೆನ್ನಾಗಿ ಹೊಂದಿಕೊಂಡಿದ್ದರು, ನಡುವಿನವರು ಕಷ್ಟಪಟ್ಟಿದ್ದರು. ಮುಂದಿನ ಅಧ್ಯಯನಗಳಲ್ಲಿ ಎಲ್ಲರಲ್ಲೂ ಇದೇ ಏರಿಳಿತ ಕಾಣಲಿಲ್ಲ. ಆದರೂ ಇದನ್ನು ಹೇಳುವುದಕ್ಕೆ ಕಾರಣ ಇದೆ. ಹೋದ ಹೊಸತರಲ್ಲಿ ಎಲ್ಲ ಚೆನ್ನಾಗಿದ್ದು, ಏಳೆಂಟು ತಿಂಗಳ ಮೇಲೆ ಕುಸಿದರೆ ಜನ ಹೆದರುತ್ತಾರೆ, ಆರಂಭದಲ್ಲಿ ಇರದಿದ್ದ ಕಷ್ಟ ಈಗೇಕೆ ಬಂತು ಎಂದು. ಅದು ಹೊಸತನ ಇಳಿದ ಮೇಲೆ ಬರುವ ಕಷ್ಟ, ನಿಮ್ಮೊಬ್ಬರದೇ ಅಲ್ಲ. ಅದಕ್ಕೆ ನವೆಂಬರ್ ಡಿಸೆಂಬರ್ ಸೇರಿದರೆ ಇನ್ನೂ ಭಾರ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಕತ್ತಲು. ಭಾನುವಾರ ಅಂಗಡಿಗಳೆಲ್ಲ ಬಂದ್. ಆ ತಿಂಗಳುಗಳಲ್ಲಿ ಮಧ್ಯಾಹ್ನದ ವಿರಾಮದಲ್ಲಿ ಇಪ್ಪತ್ತು ನಿಮಿಷ ಹೊರಗೆ ನಡೆಯಿರಿ, ಭಾನುವಾರಕ್ಕೆ ಒಂದು ಕೆಲಸ ಮೊದಲೇ ಗೊತ್ತುಮಾಡಿಡಿ. ನಿದ್ದೆ ಹೋಗಿ, ಊಟ ಸೇರದೆ ವಾರಗಟ್ಟಲೆ ಆದರೆ ಡಾಕ್ಟರ ಹತ್ತಿರ ಹೋಗಿ. ನೀವು ಕಟ್ಟುವ ವಿಮೆಯಲ್ಲಿ ಅದೂ ಸೇರಿದೆ.

ಮತ್ತೆ, ಮನೆಗೆ ಸುಳ್ಳು ಹೇಳಬೇಡಿ. "ಎಲ್ಲ ಚೆನ್ನಾಗಿದೆ ಅಮ್ಮ" ಎಂದು ದಿನಾ ನಗುನಗುತ್ತ ಹೇಳಿ ಫೋನ್ ಇಟ್ಟ ಮೇಲೆ ಅಳುವವರನ್ನು ಕಂಡು ನನಗೆ ಕರುಳು ಹಿಂಡಿದ ಹಾಗಾಗುತ್ತದೆ. ತಾಯಿಗೆ ಎಲ್ಲವನ್ನೂ ಹೇಳಬೇಕೆಂದಿಲ್ಲ, ಹೆಂಡತಿಗೋ ಒಬ್ಬ ಗೆಳೆಯನಿಗೋ ಇದ್ದದ್ದು ಇದ್ದ ಹಾಗೆ ಹೇಳಿ. ಬೇಸಿಗೆಯಲ್ಲಿ ಅಲ್ಲಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ನಾಲ್ಕೂವರೆ. ನೀವು ಸಂಜೆ ಕೆಲಸ ಮುಗಿಸುವ ಹೊತ್ತಿಗೆ ಊರಿನಲ್ಲಿ ಊಟ ಮುಗಿದು ಮಲಗುವ ಸಮಯ. ಆದ್ದರಿಂದ ಅಪ್ಪ ಅಮ್ಮನಿಗೆ ವಾರದ ದಿನಗಳಲ್ಲಿ ನಿಮ್ಮ ಬೆಳಗಿನ ಹೊತ್ತು, ಕೆಲಸಕ್ಕೆ ಹೋಗುವ ದಾರಿಯಲ್ಲಿ ಫೋನ್ ಮಾಡಿ. ಅಮ್ಮನ ಶುಗರ್ ಮಾತ್ರೆ, ಮೂರು ತಿಂಗಳಿಗೊಮ್ಮೆಯ ರಕ್ತ ಪರೀಕ್ಷೆ ಯಾರು ನೋಡಿಕೊಳ್ಳುತ್ತಾರೆ ಎಂದು ಹೆಸರು ಹಿಡಿದು ಗೊತ್ತುಮಾಡಿ. ನೆಂಟರೆಲ್ಲ ಇದ್ದಾರೆ ಎಂದರೆ ಯಾರೂ ಇಲ್ಲ ಎಂದೇ ಅರ್ಥ. ಒಬ್ಬರನ್ನು ಒಪ್ಪಿಸಿ, ಅವರ ಓಡಾಟದ ಖರ್ಚಿಗೆ ದುಡ್ಡು ಕೊಡಿ. ತುರ್ತಾಗಿ ಊರಿಗೆ ಬರುವ ಟಿಕೆಟ್‌ನಷ್ಟು ಹಣವನ್ನು ಬೇರೆ ಖಾತೆಯಲ್ಲಿ ಇಡಿ, ಏನೇ ಆದರೂ ಅದನ್ನು ಮುಟ್ಟಬೇಡಿ.

ಕೊನೆಗೆ, ಆಗದೆ ವಾಪಸ್ ಬಂದರೆ ಮುಂದೇನು ಎಂದು ಕೇಳಿದ್ದೀರಿ. ಬಂದರೆ ಬಂದಿರಿ. ನಿಮ್ಮ ಕೈಯಲ್ಲಿರುವ ಕೆಲಸಕ್ಕೆ ವಸಂತನರಸಾಪುರದಲ್ಲೂ ಪೀಣ್ಯದಲ್ಲೂ ಬೇಡಿಕೆ ಇದೆ, ಅಲ್ಲಿ ಕಲಿತು ಬಂದರೆ ಇನ್ನೂ ಹೆಚ್ಚು. ಅದಕ್ಕಾಗಿ ಈಗಿನ ಕಂಪನಿಯನ್ನು ಜಗಳವಾಡಿ ಬಿಡಬೇಡಿ. ನೋಟಿಸ್ ಅವಧಿ ಪೂರ್ತಿ ಮಾಡಿ, ನಿಮ್ಮ ಜಾಗಕ್ಕೆ ಬರುವ ಹುಡುಗನಿಗೆ ಕೆಲಸ ಹೇಳಿಕೊಟ್ಟು, ರಿಲೀವಿಂಗ್ ಲೆಟರ್ ಮತ್ತು ಅನುಭವ ಪತ್ರದ ಮೂಲಪ್ರತಿ ಕೈಯಲ್ಲಿ ಹಿಡಿದು ಬನ್ನಿ. ಗ್ರಾಚುಟಿಗೆ ಐದು ವರ್ಷ ಸಾಕು, ನಿಮಗೆ ಅದು ಬರಬೇಕು, ಕೇಳಿ ಪಡೆಯಿರಿ. ಅಲ್ಲಿ ಕೆಲಸ ಹೋದರೂ ತಕ್ಷಣ ಹೆದರಿ ವಿಮಾನ ಹತ್ತಬೇಡಿ. ವಿದೇಶಿಯರ ಕಚೇರಿಗೆ ಕೂಡಲೇ ತಿಳಿಸಿ, ಬೇರೆ ಕೆಲಸ ಹುಡುಕಲು ಕಾಲಾವಕಾಶ ಕೊಡುತ್ತಾರೆ. ಹನ್ನೆರಡು ತಿಂಗಳು ವಂತಿಗೆ ಕಟ್ಟಿದ್ದರೆ ನಿರುದ್ಯೋಗ ಭತ್ಯೆಗೂ ಹಕ್ಕಿದೆ. ಐದು ವರ್ಷ ತುಂಬುವ ಮೊದಲು ಖಾಯಂ ಆಗಿ ಭಾರತಕ್ಕೆ ಬಂದುಬಿಟ್ಟರೆ, ಎರಡು ವರ್ಷ ಕಳೆದ ಮೇಲೆ ಅಲ್ಲಿನ ಪಿಂಚಣಿಗೆ ನೀವು ಕಟ್ಟಿದ ಪಾಲನ್ನು ವಾಪಸ್ ಕೇಳಿ ಅರ್ಜಿ ಹಾಕಬಹುದು. ಕಂಪನಿ ಹಾಕಿದ ಪಾಲು ಬರುವುದಿಲ್ಲ. ಆದರೆ ಆ ಹಣ ವಾಪಸ್ ತೆಗೆದುಕೊಂಡರೆ ಅಲ್ಲಿನ ಸೇವೆ ಲೆಕ್ಕದಿಂದ ಹೋಗುತ್ತದೆ, ಆದ್ದರಿಂದ ಆಗ ಅವಸರ ಬೇಡ. ಹೊರಡುವ ಮೊದಲು ಅಲ್ಲಿನ ಊರಿನ ಕಚೇರಿಯಲ್ಲಿ ವಿಳಾಸ ರದ್ದುಮಾಡಿಸಿ ಆ ಪತ್ರವನ್ನೂ, ಪಿಂಚಣಿ ಸಂಖ್ಯೆ ಇರುವ ಕಾಗದವನ್ನೂ ತಂದಿರಬೇಕು. ಎರಡನ್ನೂ, ಕೆಲಸಕ್ಕೆ ಸೇರಿದ ಮೊದಲ ತಿಂಗಳ ಸಂಬಳದ ಚೀಟಿಯ ಜೊತೆ ಒಂದೇ ಫೈಲಿನಲ್ಲಿ ಇಡಿ.